ನೆಟ್ಟ ಛತ್ರಿಯ ಸುಂಕ

ಪುಟ್ಟಿ, ಸಣ್ಣಪ್ಪಾ,

ಮೊನ್ನೆ ಊಟಕ್ಕೆ ಕುಳಿತಾಗ ನೀವಿಬ್ಬರೂ ತೆರಿಗೆಯ ವಿಷಯಕ್ಕೆ ಜಗಳ ಆಡಿದಿರಿ. ತೆರಿಗೆ ಹೆಚ್ಚು ಹಾಕಿದಷ್ಟೂ ಸರ್ಕಾರ ಜನರಿಗೆ ಹೆಚ್ಚು ಒಳ್ಳೆಯದು ಮಾಡುತ್ತದೆ ಎಂದು ಪುಟ್ಟಿ ಕಾಲೇಜಿನ ಪುಸ್ತಕದ ಮಾತು ಹೇಳಿದಳು. ನನ್ನ ಬಾಯಿಗೂ ಒಂದು ಮಾತು ಬಂದಿತ್ತು. ನಾಲ್ಕು ಜನರಿದ್ದ ಕಡೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಹಾಲು ಉಕ್ಕೀತೆಂದು ಒಳಗೆ ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಆ ಮಾತನ್ನು ಈಗ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಮೇಲೆ ನಮ್ಮೂರ ಸಂತೆಯಲ್ಲಿ ಅವರು ಕೂರುತ್ತಿದ್ದ ಜಾಗದಲ್ಲೇ ಕೂತು ನಾನು ವೀಳ್ಯದೆಲೆ ಮಾರಲು ಶುರು ಮಾಡಿದೆ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಬಯಲು ಅದು. ಸಂತೆಯಲ್ಲಿ ಮಾರುವವಳಿಗೆ ಕೂಗುವ ಗಂಟಲು ಬೇಕು, ನನಗೆ ಇರಲಿಲ್ಲ. ಅಜ್ಜನ ಜಾಗ ಗೊತ್ತಿದ್ದವರು ತಾವಾಗಿ ಬರುತ್ತಿದ್ದರು, ಹಾಗಾಗಿ ನಡೆಯುತ್ತಿತ್ತು. ನಡೆಯದಿದ್ದರೆ ತವರಿಗೆ ಹೋಗಿ ಅಣ್ಣನ ಮನೆಯ ರೊಟ್ಟಿ ಬಡಿಯುವುದು, ನಿಮ್ಮಪ್ಪನನ್ನು ಶಾಲೆ ಬಿಡಿಸಿ ಅವರ ಕುರಿಯ ಹಿಂದೆ ಕಳಿಸುವುದು. ಅಣ್ಣ ಬಂದಾಗಲೆಲ್ಲ, "ಸಾಕು ಮಾಡವಾ ತಂಗಿ, ಮನಿಗೆ ನಡಿ" ಎನ್ನುತ್ತಿದ್ದ.

ಸಂತೆಗೆ ಸುಂಕ ಮೊದಲಿನಿಂದ ಇತ್ತು. ಅದನ್ನು ವಸೂಲಿ ಮಾಡುವ ಹಕ್ಕನ್ನು ಪಂಚಾಯಿತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ತಲೆಗೆ ಇಷ್ಟು ಎಂದು ಚಿಲ್ಲರೆ ಕಾಸು ಕೊಡುತ್ತಿದ್ದೆವು. ಅದಕ್ಕೆ ಬಯಲು ಗುಡಿಸಿರುತ್ತಿತ್ತು, ತೊಟ್ಟಿಯಲ್ಲಿ ನೀರಿರುತ್ತಿತ್ತು. ಯಾರೂ ಗೊಣಗಲಿಲ್ಲ. ಆದರೆ ಕಸ ಹೊಡೆಸುವುದು, ನೀರು ತುಂಬಿಸುವುದು ದೊಡ್ಡವರು ಮಾಡುವ ಕೆಲಸವೇ? ಒಂದು ವರ್ಷ ಪಂಚಾಯಿತಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚಾಗಿ, ಸಂತೆಗೆ ಸ್ವಾಗತ ಕಮಾನು ಕಟ್ಟಿಸುವುದೆಂದು ತೀರ್ಮಾನವಾಯಿತು. ಗೋಡೆ ಇಲ್ಲ, ಬೇಲಿ ಇಲ್ಲ, ಬರಿಯ ಬಯಲು. ಎಲ್ಲಿಂದ ಒಳಗೆ ಬರಬೇಕೆಂದು ತಿಳಿಯದೆ ನಾವು ಅಷ್ಟು ವರ್ಷ ಎಷ್ಟು ಒದ್ದಾಡಿದ್ದೆವೋ, ಪಾಪ, ಅವರಿಗೇ ಗೊತ್ತು.

ಕಮಾನಿಗೆ ರೊಕ್ಕ ಬೇಕಲ್ಲ, ತಲೆ ಬಿಟ್ಟು ಬುಟ್ಟಿ ಎಣಿಸತೊಡಗಿದರು. ಮರುವಾರವೇ ಹೆಂಗಸರೆಲ್ಲ ಇದ್ದಬದ್ದ ಮಾಲನ್ನು ಒಂದೇ ದೊಡ್ಡ ಬುಟ್ಟಿಗೆ ಸುರಿದುಕೊಂಡು ಬಂದರು. ಬದನೆಕಾಯಿಯ ಕೆಳಗೆ ಟೊಮೆಟೊ ಅಪ್ಪಚ್ಚಿ. ವಸೂಲಿ ಇಳಿಯಿತು. ಅದಕ್ಕೆ ನಾವು ನೆಟ್ಟುಕೊಳ್ಳುತ್ತಿದ್ದ ಛತ್ರಿಯ ನೆರಳಿನ ಮೇಲೆ ಸುಂಕ ಹಾಕಿದರು.

ನನ್ನ ಪಕ್ಕ ಇಟ್ಟಿಗಿಯಿಂದ ಬಂದು ಬೆಳ್ಳುಳ್ಳಿ ಮಾರುವ ಅಕ್ಕ ಕೂರುತ್ತಿದ್ದಳು. ಅವಳಿಗೆ ನನ್ನ ಪಾಲಿನ ಬಾಯಿಯೂ ಇತ್ತು. ಸುಂಕದವನನ್ನು ತಡೆದು ಕೇಳಿದಳು:

"ಲೇ ತಮ್ಮಾ, ಬಿಸಿಲು ಪುಕ್ಕಟೆ ಐತಿ, ನೆರಳಿಗಷ್ಟ ಯಾಕೋ ರೊಕ್ಕ?"

"ಬಿಸಿಲಿಗೆ ಇನ್ನಾ ಮ್ಯಾಲಿಂದ ಆರ್ಡರ್ ಬಂದಿಲ್ಲ ಯಕ್ಕಾ."

"ಛತ್ರಿ ಕೈಯಾಗ ಹಿಡ್ಕೊಂಡ್ರ?"

ಅವನು ತುಸು ಯೋಚಿಸಿದ. "ಹಿಡ್ಕೊಂಡ್ರ ಸುಂಕಿಲ್ಲ. ನೆಟ್ರ ಐತಿ. ನೆಲ ಪಂಚಾಯ್ತಿದು ನೋಡು."

ಇಂಥ ನ್ಯಾಯ ಕೇಳಿದ ಮೇಲೆ ಇನ್ನೇನು? ಸಂತೆಗೆ ಸಂತೆಯೇ ಒಂದು ಕೈಯಲ್ಲಿ ಛತ್ರಿ ಹಿಡಿದು ಕೂತಿತು. ತೂಕ ಮಾಡುವಾಗ ಗಿರಾಕಿಯೇ ಛತ್ರಿ ಹಿಡಿಯಬೇಕು. ಎಲೆ ಎಣಿಸಲು ಎರಡು ಕೈ ಬೇಕು. ನಾನು ಛತ್ರಿಯನ್ನು ಕತ್ತು ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡೆ. ನನಗೆ ನೆರಳಾದರೆ ಎಲೆಗೆ ಬಿಸಿಲು, ಎಲೆಗೆ ನೆರಳಾದರೆ ಕತ್ತು ನೋವು. ಒದ್ದೆ ಗೋಣಿ ಹೊದಿಸಿದರೂ ಮಧ್ಯಾಹ್ನಕ್ಕೆ ಎಲೆ ಬಾಡುತ್ತಿತ್ತು. ನೆಟ್ಟು ಸುಂಕ ಕೊಟ್ಟರೆ ಲಾಭ ಕಮಾನಿಗೆ, ನೆಡದಿದ್ದರೆ ಎಲೆ ತಿಪ್ಪೆಗೆ. ಬಾಡಿದ ಎಲೆ ಹೊತ್ತು ಮನೆಗೆ ಬಂದ ಒಂದು ಸಂಜೆ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. "ಬರೋ ಅಮಾಸಿಯೊಳಗ ಸಾಮಾನು ಕಟ್ಟವಾ," ಎಂದ. ನಾನು ಹೂಂ ಎಂದೆ.

ಅದೇ ವಾರ ಹಳ್ಳದ ಆಚೆಯ ಊರಿನವರು ಡಂಗುರ ಹೊಡೆಸಿದರು: ಇನ್ನು ಮುಂದೆ ಅದೇ ದಿನ ಅಲ್ಲಿಯೂ ಸಂತೆ. ಬೆಳ್ಳುಳ್ಳಿಯಕ್ಕ ನನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ನಡೆದಳು. ನನಗೆ ಭಯ. ಅಜ್ಜನ ಜಾಗ ಬಿಟ್ಟರೆ ನನ್ನನ್ನು ಯಾರು ಹುಡುಕಿಕೊಂಡು ಬಂದಾರು? ಆ ಊರಿನ ಅಧ್ಯಕ್ಷ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದ.

"ಸುಂಕ ಎಷ್ಟ್ರಿ?" ಅಕ್ಕ ಕೇಳಿದಳು.

"ತಲಿಗೊಂದು ರೂಪಾಯಿ, ಕಸ ಹೊಡಿಯಾಕಿಗೆ."

"ಛತ್ರಿಗೆ?"

"ಛತ್ರಿ ಯಾರದು?"

"ನಮ್ದ."

"ಮತ್ತ ನನಗ್ಯಾಕ ರೊಕ್ಕ?"

ಅವನು ಹೆಚ್ಚು ಓದಿದವನಲ್ಲ, ಆದ್ದರಿಂದ ಅಭಿವೃದ್ಧಿ ಗೊತ್ತಿರಲಿಲ್ಲ. ಬೇವಿನ ನೆರಳಲ್ಲಿ ಎಲೆ ಸಂಜೆಯವರೆಗೂ ಹಸಿರಾಗಿಯೇ ಇತ್ತು. ಗಿರಾಕಿಗಳು ಬೇಗ ಬರಲಿಲ್ಲ. ಬಿಸಿಲೇರಿದ ಮೇಲೆ ಒಬ್ಬೊಬ್ಬರೇ ಹಳ್ಳ ದಾಟಿ ಬಂದರು. ಅವರು ಹುಡುಕಿ ಬಂದದ್ದು ಜಾಗವನ್ನಲ್ಲ, ಹಸಿರೆಲೆಯನ್ನು ಎಂದು ಅವತ್ತು ತಿಳಿಯಿತು.

ಕೆಲವು ವಾರಗಳಲ್ಲಿ ನಮ್ಮೂರ ಬಯಲಿನಲ್ಲಿ ಆಗಷ್ಟೇ ಎದ್ದ ಕಮಾನು, ಸುಂಕದವನು, ಎರಡು ನಾಯಿ ಉಳಿದವು. ಆಗ ಅವನೇ ಹಳ್ಳ ದಾಟಿ ಬಂದ.

"ಬರ್ರೆವ್ವಾ ನಮ್ಮೂರಿಗೆ. ಛತ್ರಿ ಸುಂಕ ತೆಗದೀವಿ. ತಲಿಗೆ ಎಂಟಾಣೆ ಅಷ್ಟ."

"ಹಂಗಂದ್ರ ನಮ್ಮಲ್ಲೂ ಎಂಟಾಣೆ," ಎಂದ ಕಂಬಳಿಯ ಅಧ್ಯಕ್ಷ.

ನನ್ನ ಬಾಯಿಂದ ಹೇಗೆ ಬಂತೋ ಕಾಣೆ. "ಅಣ್ಣಾ, ನಿಮ್ಮ ಕಮಾನಿನ ಕೆಳಗ ನೆರಳು ಬೀಳತೈತಲ್ಲ, ಅದನ್ನೂ ನೆಟ್ಟೀರಿ. ಅದರ ಸುಂಕ ಯಾರು ಕಟ್ಟ್ಯಾರ?"

ಮರದ ಕೆಳಗಿನ ಜನವೆಲ್ಲ ನಕ್ಕಿತು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

ಆಮೇಲೆ ನಮ್ಮೂರಿನವರು ಸಂತೆಯ ದಿನ ಬದಲಿಸಿದರು, ಒಣಗಿದ್ದ ತೊಟ್ಟಿಗೆ ಮತ್ತೆ ನೀರು ಬಂತು. ನಾನು ಎರಡೂ ಕಡೆ ಕೂತೆ. ನೀರಿಗೂ ಕಸಕ್ಕೂ ಎಂದು ಎರಡೂ ಊರಿಗೆ ಸಂತೋಷವಾಗಿ ಸುಂಕ ಕೊಟ್ಟೆ, ಈಗಲೂ ಕೊಡಬೇಕೆಂದೇ ಹೇಳುತ್ತೇನೆ. ಆದರೆ ಪುಟ್ಟಿ, ನಾವು ಬುಟ್ಟಿ ಎತ್ತಿಕೊಂಡು ಹೋಗಬಲ್ಲೆವು ಎಂದು ತಿಳಿಯುವವರೆಗೆ ಅವರಿಗೆ ನಮ್ಮ ಬಿಸಿಲು ಕಂಡಿರಲಿಲ್ಲ. ಹಳ್ಳದ ಆಚೆ ಇನ್ನೊಂದು ಊರಿದ್ದದ್ದು ನನ್ನ ಪುಣ್ಯ.

ಹೇಳಿದ್ದ ಅಮಾವಾಸ್ಯೆಗೆ ಅಣ್ಣ ನಮ್ಮ ಸಾಮಾನಿಗೆಂದು ಬಾಡಿಗೆ ಗಾಡಿ ತಂದಿದ್ದ. ಹಸಿರೆಲೆ, ಅಡಿಕೆ ಕೊಟ್ಟು ಕಳಿಸಿದೆ. ನಿಮ್ಮಪ್ಪ ಶಾಲೆಗೆ ಹೋಗಿದ್ದ.

ಕಮಾನು ಈಗಲೂ ಇದೆ. ಕಟ್ಟಿಸಿದವರ ಹೆಸರೆಲ್ಲ ಅದರ ಮೇಲೆ ಬಣ್ಣದಲ್ಲಿ ಬರೆದಿದೆ. ಛತ್ರಿ ಹಿಡಿದು ಕೂತವರದ್ದು ಇಲ್ಲ. ಅವರ ಕಥೆ ಇರುವುದು ಈ ಹಾಳೆಗಳಲ್ಲಿ ಮಾತ್ರ. ಮಳೆ ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.