ಟೇಪಿನ ಮೇಲಿನ ಕಬ್ಬಿಣದ ಪುಡಿ

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ರಾಳದ ವಾಸನೆ ಬಂತು. ವೈರುಗಳಿಗೆ ಬೆಸುಗೆ ಹಾಕುವಾಗ ಹೊಗೆಯೇಳುತ್ತದಲ್ಲ, ಅದೇ ವಾಸನೆ. ಕಳೆದ ಭಾನುವಾರ ಪಕ್ಕದ ಮನೆಯ ಚಾಚಿ ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರು.

"ಟೀಚರಮ್ಮ, ನಿಮ್ಮ ಮನ್ಯಾಗ ಇನ್ನೂ ಟೇಪ್ ರೆಕಾರ್ಡರ್ ಐತಲ್ಲ, ಇದನ್ನ ಒಂಚೂರು ಹಚ್ರಿ. ಅವರ ದನಿ ಮರ್ತಂಗ ಆಗಾಕತ್ತೈತಿ ನನಗ."

ಒಳಗೊಂದು ಕ್ಯಾಸೆಟ್ಟು, ಅದಕ್ಕೆ ಒತ್ತಿಕೊಂಡೇ ಸ್ಪೀಕರಿನ ದುಂಡನೆಯ ಅಯಸ್ಕಾಂತ. ಅದನ್ನು ಕಂಡದ್ದೇ ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ಹೋಗಿಲ್ಲ ನೋಡಿ.

ಚಾಚಿಯ ಗಂಡನನ್ನು ಕೊಟ್ಟೂರಿನವರೆಲ್ಲ ಮೈಕ್ ಚಾಚಾ ಎಂದೇ ಕರೆಯುತ್ತಿದ್ದರು. ರೇಡಿಯೋ ರಿಪೇರಿಯ ಅಂಗಡಿಯಿತ್ತು, ಆದರೆ ಹೆಸರು ತಂದದ್ದು ಕಂಠ. ಆಟೋಕ್ಕೆ ಮೈಕ್ ಕಟ್ಟಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲ ಸುತ್ತುತ್ತಿದ್ದರು. ಹೊಸ ಸಿನಿಮಾ ಇರಲಿ, ಪೋಲಿಯೋ ಹನಿ ಇರಲಿ, ಅವರು ಕೂಗಿದರೆ ಹೆಂಗಸರು ಒಗ್ಗರಣೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ಕ್ಯಾನ್ಸರ್ ತಪಾಸಣೆ ಶಿಬಿರದ ಪ್ರಚಾರ ಸಿಕ್ಕಿತು. "ಮಾನ್ಯರೇ, ಬಾಯಿಯ ಹುಣ್ಣು ಮಾಯದಿದ್ದರೆ ಅಸಡ್ಡೆ ಮಾಡಬೇಡಿ!" ಇದನ್ನು ಕ್ಯಾಸೆಟ್ಟಿಗೆ ತುಂಬಿ ಬೀದಿಬೀದಿಗೂ ಕೇಳಿಸಿದ ಪುಣ್ಯಾತ್ಮರ ನಾಲಗೆಯ ಅಂಚಿನಲ್ಲಿ ಆಗಲೇ ಹುಣ್ಣಿತ್ತು, ದವಡೆಯಲ್ಲಿ ತಂಬಾಕಿತ್ತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!

ಚಾಚಿಯೂ ನಾನೂ ಸೇರಿ ಅವರನ್ನು ಹೇಗೋ ದಾವಣಗೆರೆಗೆ ಎಳೆದುಕೊಂಡು ಹೋದೆವು. ನಾಲಗೆಯ ಒಂದು ಭಾಗ ತೆಗೆಯಬೇಕು, ಈಗಲೇ ಮಾಡಿದರೆ ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಮೊದಲಿನಂತೆ ಬರಲಾರದು ಎಂದರು ಡಾಕ್ಟರು. ಚಾಚಾ ಹೂಂ ಅಂದು ಬಂದರು. ಆ ವಾರವೇ ರೇಡಿಯೋದಲ್ಲಿ ಅದೊಂದು ವಿಜ್ಞಾನದ ಕಾರ್ಯಕ್ರಮ ಬರಬೇಕೆ! ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಗಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಅಯಸ್ಕಾಂತದ ಬಲ ಹಾಯಿಸಿದರೆ, ಕಣಗಳು ಕಾದು ಕ್ಯಾನ್ಸರನ್ನು ಸುಡುತ್ತವಂತೆ. ಇನ್ನೂ ಪ್ರಯೋಗ ನಡೆಯುತ್ತಿದೆ ಎಂದೂ ರೇಡಿಯೋ ಹೇಳಿತ್ತು. ಆ ಮಾತು ಮಾತ್ರ ಅವರ ಕಿವಿಗೆ ಬೀಳಲಿಲ್ಲ.

ಮರುದಿನ ಒಂದು ಕೈಯಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಕ್ಯಾಸೆಟ್ಟು ಹಿಡಿದು ನಮ್ಮ ಕಟ್ಟೆಗೆ ಬಂದರು.

"ಟೀಚರಮ್ಮ, ಈ ಟೇಪಿನ ಮ್ಯಾಲೆ ಇರೋದು ಏನು? ಕಬ್ಬಿಣದ ಪುಡಿನ. ಅದು ನನ್ನ ದನಿ ಹಿಡಿದಿಟ್ಕಂಡೈತಿ. ದನಿ ಹಿಡಿಯೋ ಪುಡಿಗೆ ಒಂದು ಗಡ್ಡಿ ಸುಡೋದು ದೊಡ್ಡ ಮಾತೇನ್ರಿ?"

"ಚಾಚಾ, ಅದನ್ನ ಇನ್ನೂ ಇಲಿ ಮ್ಯಾಲೆ ನೋಡಾಕತ್ತಾರ. ಅಲ್ಲೀತನ ನಿಮ್ಮ ಹುಣ್ಣು ಕಾಯ್ತೈತೇನು?"

"ಇಲಿಗೆ ಆದದ್ದು ನನಗ್ಯಾಕ ಆಗಂಗಿಲ್ಲ? ಬರ್ತೈತಿ ಬಿಡ್ರಿ. ನಾನು ಕತ್ತರಿ ಹಾಕ್ಸಂಗಿಲ್ಲ."

ಚಾಚಿ ಅತ್ತರು. ಹಡಗಲಿಯಿಂದ ಮಗಳು ಬಂದು ಜಗಳವಾಡಿ ಹೋದಳು. ಕಲ್ಲಿಗೆ ಹೇಳಿದ್ದರೂ ಕೇಳುತ್ತಿತ್ತೇನೋ! ದಿನಾ ಸಂಜೆ ಆ ಅಯಸ್ಕಾಂತವನ್ನು ದವಡೆಗೆ ಒತ್ತಿಕೊಂಡು ಅಂಗಡಿಯಲ್ಲಿ ಕೂತಿರುತ್ತಿದ್ದರು. "ಪುಡಿ ಬರೋದ್ರಾಗ ರೂಢಿ ಆಗ್ಲಿ" ಎಂಬ ತಮಾಷೆ ಬೇರೆ. ಕಿತ್ತುಕೊಂಡು ಚರಂಡಿಗೆ ಎಸೆಯಬೇಕೆನಿಸುತ್ತಿತ್ತು. ಒಂದು ದಿನ ರೇಗಿಯೇ ಬಿಟ್ಟೆ.

"ನಿಮಗ ಜೀವ ಬೇಕೋ, ಮೈಕ್ ಬೇಕೋ?"

ಅವತ್ತು ನಗಲಿಲ್ಲ ಅವರು. "ದನಿ ಇಲ್ದ ಮೈಕ್ ಚಾಚಾನ್ನ ಯಾರು ಗುರ್ತು ಹಿಡೀತಾರ್ರಿ?" ಎಂದರು. ಅದಕ್ಕೂ ಸಿಟ್ಟು ಬಂತು ನನಗೆ, ಅಂಗಡಿಯಿಂದ ಎದ್ದು ಬಂದೆ.

ಕೊನೆಗೆ ಒಪ್ಪಿಕೊಂಡು ಹೋಗುವ ಹೊತ್ತಿಗೆ ರೋಗ ಕುತ್ತಿಗೆಗೆ ಇಳಿದಿತ್ತು. ಯಾವ ದನಿಗಾಗಿ ಹಟ ಹಿಡಿದರೋ ಆ ದನಿಯೇ ಮೊದಲು ಹೋಯಿತು... ಕೈಸನ್ನೆ ಮಾಡಿ ಕ್ಯಾಸೆಟ್ಟು ಹಚ್ಚಿಸಿಕೊಂಡು, ತಮ್ಮದೇ ಕೂಗನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟರು.

ಆ ಚಿಕಿತ್ಸೆಯ ಸುದ್ದಿ ಈಗಲೂ ಆಗಾಗ ಪೇಪರಿನಲ್ಲಿ ಬರುತ್ತದೆ. ಎಲ್ಲೋ ದೂರದ ದೇಶದಲ್ಲಿ ಕೆಲವರಿಗೆ ಕೊಟ್ಟಿದ್ದಾರಂತೆ, ಪ್ರಯೋಗ ನಡೆಯುತ್ತಲೇ ಇದೆಯಂತೆ. ನಮ್ಮ ಕಡೆಗೆ ಬಂದದ್ದನ್ನು ನಾನಂತೂ ಕಾಣೆ.

ಭಾನುವಾರ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದೆ. ಬರೀ ಸರ್ ಎಂಬ ಸದ್ದು. ತಿರುವಿ ಹಾಕಿದೆ, ಅದೇ ಸದ್ದು. ಅಯಸ್ಕಾಂತ ತಾಗಿದರೆ ಟೇಪಿನ ದನಿ ಅಳಿಸಿಹೋಗುತ್ತದೆ ಎಂದು ಅಂಗಡಿಗೆ ಬಂದವರಿಗೆಲ್ಲ ಬೈದು ಹೇಳುತ್ತಿದ್ದ ಮಹಾನುಭಾವ, ಕಟ್ಟಿಕೊಂಡ ಹೆಂಡತಿಗೆ ಹೇಳಿರಲಿಲ್ಲ!

"ಚಾಚಿ, ಇಷ್ಟು ವರ್ಷ ಎರಡನ್ನೂ ಒಂದ ಡಬ್ಬ್ಯಾಗ ಇಟ್ಟಿದ್ರಾ?"

"ಹೂಂ ರೀ. ಎರಡೂ ಅವರ ಜೀವ ಆಗಿದ್ವು. ಜೊತಿಗೇ ಇರ್ಲಿ ಅಂತ."

ಬೈಯಲೆಂದು ಅವರತ್ತ ತಿರುಗಿದೆ. ಚಾಚಿ ಆಗಲೇ ಬಗ್ಗಿ, ಕಿವಿಯನ್ನು ಸ್ಪೀಕರಿಗೆ ಹಚ್ಚಿಕೊಂಡಿದ್ದರು.

"ಒಂಚೂರು ಜೋರ್ ಮಾಡ್ರಿ ಟೀಚರಮ್ಮ... ಸಣ್ಣಗ ಕೇಳಾಕತ್ತೈತಿ."

ನಾನು ಜೋರು ಮಾಡಿದೆ.