ವೆಂಕಟರಮಣಪ್ಪನ ಟೋನು

ನಮ್ಮ ದೊಡ್ಡಬಳ್ಳಾಪುರದಲ್ಲಿ ಗಟ್ಟಿಯಾಗಿ ಮಾತಾಡುವವನನ್ನು ಯಾರೂ ಕಿವುಡ ಅನ್ನುವುದಿಲ್ಲ. ಬೀದಿ ತುಂಬ ವಿದ್ಯುತ್ ಮಗ್ಗ, ದಿನವಿಡೀ ಕಟಕಟ. ಮನೆಮನೆಯಲ್ಲೂ ಟಿ.ವಿ. ಅರಚುತ್ತಿರುತ್ತದೆ, ಗಂಡಹೆಂಡಿರು ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡುತ್ತಾರೆ. ಹಾಗಾಗಿ ವೆಂಕಟರಮಣಪ್ಪನ ಕಿವಿ ಹೋಗುತ್ತಿದೆ ಅನ್ನುವುದು ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಅವನ ಬಗ್ಗೆ ಬರೆಯುತ್ತೇನೆಂದು ಕೂತಿದ್ದೇನೆ, ಆದರೆ ಬೈದುಕೊಳ್ಳಬೇಕಾದ್ದು ನನ್ನನ್ನೇ.

ನಾನು ಆಂಜಿನಪ್ಪ. ನೇಕಾರರಿಂದ ಸೀರೆ ಕೊಂಡು ಚಿಕ್ಕಪೇಟೆಯ ಅಂಗಡಿಗಳಿಗೆ ಹಾಕುವ ವ್ಯಾಪಾರ ನನ್ನದು. ಮಗ್ಗದ ಮುಂದೆ ಒಂದು ದಿನವೂ ನಿಂತು ದುಡಿದವನಲ್ಲ, ಅದಕ್ಕೇ ನನ್ನ ಕಿವಿ ಇನ್ನೂ ನೆಟ್ಟಗಿದೆ. ಜೊತೆಗೆ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದೇನೆ. ಗಣೇಶನ ಪೆಂಡಾಲು, ಆರತಕ್ಷತೆ, ರಾಜ್ಯೋತ್ಸವ, ಎಲ್ಲಿಗೆ ಕರೆದರೂ ಹೋಗುತ್ತೇವೆ. ಇಪ್ಪತ್ತೆಂಟು ವರ್ಷದಿಂದ ಅದರಲ್ಲಿ ಗಿಟಾರು ವೆಂಕಟರಮಣಪ್ಪನದು. ವಾರವೆಲ್ಲ ಮನೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಮಗ್ಗ ಓಡಿಸುವವನು, ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೇಜು ಹತ್ತುತ್ತಿದ್ದ.

ಅವನ ಟೋನಿಗೆ ಹೊಸಕೋಟೆ, ನೆಲಮಂಗಲದಲ್ಲೂ ಹೆಸರಿತ್ತು. ದುಂಡಗೆ, ಮೆತ್ತಗೆ, ಬಿಸಿ ಮುದ್ದೆಯ ಮೇಲೆ ತುಪ್ಪ ಇಳಿದ ಹಾಗೆ. ಗಿಟಾರೇನೋ ಹಳೆಯದು. ದನಿ ಹೊರಡುವ ಪೆಟ್ಟಿಗೆ, ಅಂದರೆ ಆಂಪು, ಯಾರೋ ಬಳಸಿ ಬಿಟ್ಟದ್ದು. ತಂತಿ ಮೀಟುವ ಪಿಕ್ಕಂತೂ ಅಂಗಡಿಯದೇ ಅಲ್ಲ. ಮಗ್ಗದಲ್ಲಿ ಲಾಳಿಯನ್ನು ಹೊಡೆದು ಅತ್ತಿಂದಿತ್ತ ಓಡಿಸುವ ಚರ್ಮದ ತುಂಡು ಇರುತ್ತದಲ್ಲ, ಅದು ಸವೆದ ಮೇಲೆ ಅದರಿಂದ ಕತ್ತರಿಸಿಕೊಂಡದ್ದು. ಬೇರೆ ಪಾರ್ಟಿಯ ಗಿಟಾರಿನವರು ಬಂದು ಆಂಪಿನ ಹಿಂದೆ ಬಗ್ಗಿ ಬಗ್ಗಿ ನೋಡುತ್ತಿದ್ದರು. "ಅಲ್ಲೇನೂ ಇಲ್ಲ ಗುರು, ಎಲ್ಲಾ ಈ ಬೆರಳಲ್ಲಿರೋದು," ಎಂದು ಇವನು ಕೈ ಚಾಚುತ್ತಿದ್ದ. ಜಂಬವೇ, ಇರಲಿ. ಅಷ್ಟು ಜಂಬಕ್ಕೆ ಅವನು ಅರ್ಹನಾಗಿದ್ದ.

ಹತ್ತು ವರ್ಷದ ಹಿಂದೆ ಒಂದು ಆರತಕ್ಷತೆಯಲ್ಲಿ ಅವನು ಚೂಪು ಸ್ವರ ಏರಿಸುವ ಟ್ರೆಬಲ್ ಗುಂಡಿಯನ್ನು ತುದಿಮುಟ್ಟ ತಿರುಗಿಸಿ ನುಡಿಸಿದ. ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡರು.

"ಏನೋ ಇದು, ತಗಡು ಗೀಚ್ದಂಗೈತೆ?" ಅಂದೆ.

"ಲೇ, ಮಂದ ಹೊಡೀತೈತೆ ಕಣೋ. ಆಂಪು ಹೋಗೈತೆ," ಅಂದ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಅವನ ಜೇಬಿನೊಳಗೆ ಫೋನು ಹಕ್ಕಿಮರಿಯ ಹಾಗೆ ಚಿಲಿಪಿಲಿ ಅನ್ನುತ್ತಲೇ ಇತ್ತು. ಅವನು ಎತ್ತಲಿಲ್ಲ, ಕಿಟಕಿಯಾಚೆ ನೋಡುತ್ತಾ ಆಂಪಿಗೆ ಶಾಪ ಹಾಕುತ್ತಿದ್ದ. ಅವನಿಗದು ಕೇಳಿಸುತ್ತಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. "ಹೂಂ ಬಿಡು, ಆಂಪು ಹಳೇದಾಯ್ತು," ಅಂದೆ. ಅವನಿಗೆ ನೋವಾದೀತು ಅಂತ ಹಾಗಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಿದರೆ ಗಿಟಾರಿಗೆ ಇನ್ಯಾರು ಅನ್ನುವ ಚಿಂತೆಯೂ ಇತ್ತು, ಈಗ ಸುಳ್ಳು ಹೇಳಿ ಏನಾಗಬೇಕಿದೆ.

ಅಲ್ಲಿಂದ ಶುರುವಾಯಿತು. ಹೊಸ ಆಂಪು ತಂದ, ಹೊಸ ತಂತಿ ಕಟ್ಟಿದ, ಕಾಲಿನಲ್ಲಿ ಒತ್ತುವ ಪೆಡಲ್ಲುಗಳನ್ನು ಸಾಲಾಗಿ ಜೋಡಿಸಿದ. ಚರ್ಮದ ಪಿಕ್ಕನ್ನು ಗಿಟಾರ್ ಪೆಟ್ಟಿಗೆಯ ಮೂಲೆಗೆಸೆದು ಗಟ್ಟಿ ಪ್ಲಾಸ್ಟಿಕ್ಕಿನದು ಹಿಡಿದ. ಅವನ ಕಿವಿಗೆ ಎಷ್ಟು ಏರಿಸಿದರೂ ಸಾಲದು, ನಮ್ಮ ಕಿವಿಗೆ ಪ್ರತಿ ಸಲವೂ ಹೊಸ ಗರಗಸ. ಬೆರಳಿನ ಮಾತನ್ನು ಅವನು ಎತ್ತುವುದೇ ಬಿಟ್ಟ.

ಈ ವರ್ಷ ಹಾಡುವವರು ಪಟ್ಟು ಹಿಡಿದರು. ಗಣೇಶನ ಹಬ್ಬಕ್ಕೆ ಅವನಾದರೂ ಇರಲಿ, ಇಲ್ಲ ನಾವಾದರೂ ಇರುತ್ತೇವೆ ಅಂದರು. ಹೇಳಲು ಹೋದ ನಾನು ಅವನ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದು ಕೂತೆ. ಅವನೇ ಬಾಯಿಬಿಟ್ಟ.

"ಹಾಡೋರು ಏನಂದ್ರು ಅಂತ ನಂಗೆಲ್ಲಾ ಗೊತ್ತಾಯ್ತು. ದೇವನಹಳ್ಳಿ ಬೈರೇಶ್‌ನ ಕರ್ಸು. ನನ್ನ ಗಿಟಾರು, ನನ್ನ ಆಂಪು, ಅವನ ಕೈ. ಆ ಹಳೇ ಟೋನು ಬಂದ್ರೆ ತಪ್ಪು ನನ್ನ ಬೆರಳಿಂದು, ಅವತ್ತೇ ಗಿಟಾರು ಬಿಟ್ಬಿಡ್ತೀನಿ. ಬರ್ಲಿಲ್ಲಾಂದ್ರೆ ಆಂಪಿಂದು. ಆಮೇಲೆ ಯಾರೂ ಸೊಲ್ಲೆತ್ತಬಾರದು."

ಹಬ್ಬಕ್ಕೆ ಮುಂಚೆ ಬರುವ ಬೆನಕನ ಅಮಾವಾಸ್ಯೆಯ ದಿನವೇ ಆಗಲಿ ಎಂದು ಗೊತ್ತುಮಾಡಿದೆವು. ಅಮಾವಾಸ್ಯೆಗೆ ನಮ್ಮವರು ಮಗ್ಗ ಮುಟ್ಟುವುದಿಲ್ಲ. ಬೀದಿಯಲ್ಲಿ ಕಾಗೆಯ ಕೂಗು ಕೇಳಿಸುವುದು ತಿಂಗಳಿಗೆ ಆ ಒಂದೇ ದಿನ.

ಬೈರೇಶ್ ಏರ್‌ಪೋರ್ಟ್ ಕಡೆಯ ರೆಸಾರ್ಟುಗಳಲ್ಲಿ ನುಡಿಸುವವನು, ನಲವತ್ತರ ಆಸುಪಾಸು, ಮರ್ಯಾದಸ್ಥ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಪೆಡಲ್ಲುಗಳ ವೈರನ್ನೆಲ್ಲ ಬಿಚ್ಚಿಟ್ಟ. ಟ್ರೆಬಲ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದ. ಗಿಟಾರ್ ಪೆಟ್ಟಿಗೆಯ ಮೂಲೆಯಲ್ಲಿದ್ದ ಚರ್ಮದ ಪಿಕ್ಕು ಕಣ್ಣಿಗೆ ಬಿತ್ತು, ಅದನ್ನೇ ಎತ್ತಿಕೊಂಡು ನಿಧಾನವಾಗಿ ಒಂದು ರಾಗ ಎಳೆದ.

ಬಂತು. ಅದೇ ದುಂಡು ದನಿ, ಅದೇ ತುಪ್ಪ. ಹತ್ತು ವರ್ಷದಿಂದ ಸತ್ತೇಹೋಯಿತು ಅಂದುಕೊಂಡಿದ್ದುದು ಆ ನಡುಮನೆಯಲ್ಲಿ ಎದ್ದು ಬಂತು. ನನಗೆ ಕಣ್ಣು ತುಂಬಿತು.

ವೆಂಕಟರಮಣಪ್ಪ ಕತ್ತು ವಾಲಿಸಿ ಕೇಳುತ್ತಿದ್ದವನು ತೊಡೆ ತಟ್ಟಿ ಎದ್ದ. "ಕೇಳಿದ್ಯಾ? ಅವನ ಕೈಯಲ್ಲೂ ಬರ್ಲಿಲ್ಲ! ಕಂಬಳಿ ಹೊದ್ದು ನುಡಿಸ್ದಂಗೈತೆ. ನಾನು ಬಡ್ಕೊಳ್ಲಿಲ್ವಾ, ಆಂಪಿಂದೇ ತಪ್ಪು!"

ಅಷ್ಟು ಖುಷಿಯಾಗಿ ಅವನನ್ನು ನಾನು ವರ್ಷಗಟ್ಟಲೆ ನೋಡಿರಲಿಲ್ಲ. ಬೈರೇಶ್ ನನ್ನ ಮುಖ ನೋಡಿದ. ನಾನೆಂಥ ಪಾಪಿ ನೋಡಿ, ಆಗಲೂ ಹೂಂ ಅನ್ನಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅವನ ಹೆಂಡತಿ ನಾಗಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಶೆಡ್ಡಿನ ಕಡೆ ತಲೆ ಹಾಕದೆ ಮನೆಯೊಳಗೇ ದುಡಿದ ಹೆಂಗಸು, ಅವರ ಕಿವಿ ಚೆನ್ನಾಗಿದೆ. ಬಾಗಿಲು ದಾಟುವ ಮೊದಲೇ ಅಂದರು, "ರೀ, ಎಷ್ಟ್ ವರ್ಷ ಆಯ್ತು ನೀವು ಹಿಂಗೆ ನುಡ್ಸಿ!"

ಆಮೇಲೆ ಗಿಟಾರು ಯಾರ ತೊಡೆಯ ಮೇಲಿದೆ ಎಂದು ನೋಡಿದರು. ಕೆನ್ನೆಯ ಮೇಲೆ ನೀರಿತ್ತು, ಒರೆಸಿಕೊಳ್ಳುವುದಕ್ಕೂ ತೋಚಲಿಲ್ಲ.

ವೆಂಕಟರಮಣಪ್ಪ ಹೆಂಡತಿಯ ಮುಖ ನೋಡಿದ, ನನ್ನ ಕಣ್ಣು ನೋಡಿದ, ಅರ್ಧಕ್ಕಿಳಿದ ಗುಂಡಿಯನ್ನು ನೋಡಿದ. ನಮಗೆ ಕೇಳಿಸಿದ್ದು ತನಗೆ ಕೇಳಿಸಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಕೈ ಮೆಲ್ಲಗೆ ಕಿವಿಗೆ ಹೋಗಿ ಅಲ್ಲೇ ನಿಂತಿತು. ಶೆಡ್ಡಿಗೆ ಹೋಗಿ ಸ್ವಿಚ್ಚು ಎಳೆದ. ಅಮಾವಾಸ್ಯೆಯ ದಿನ ನಾಲ್ಕು ಮಗ್ಗವೂ ಒಟ್ಟಿಗೆ ಕಟಕಟ ಎಂದವು. ಎದುರುಮನೆಯವರು ಗಾಬರಿಯಾಗಿ ಬಾಗಿಲಿಗೆ ಬಂದರು. ನಾನು ಶೆಡ್ಡಿನೊಳಗೆ ಓಡಿದೆ.

ಮಗ್ಗ ಓಡುವಾಗ ನೇಕಾರರು ಕೂಗುವುದಿಲ್ಲ, ತುಟಿ ನೋಡಿಕೊಂಡು ಮಾತಾಡುತ್ತಾರೆ. ಸೀರೆಗಾಗಿ ಶೆಡ್ಡುಗಳಿಗೆ ಅಲೆದೂ ಅಲೆದೂ ಅಷ್ಟು ನಾನೂ ಕಲಿತಿದ್ದೇನೆ. ಅವನು ದನಿಯಿಲ್ಲದೆ ತುಟಿಯಾಡಿಸಿದ.

"ನಿಂಗೆ ಎಷ್ಟ್ ವರ್ಷದಿಂದ ಗೊತ್ತು?"

ನಾನು ಎರಡೂ ಕೈಯ ಬೆರಳುಗಳನ್ನು ಬಿಚ್ಚಿ ತೋರಿಸಿದೆ.

ಅವನು ಆ ಹತ್ತು ಬೆರಳುಗಳನ್ನೇ ನೋಡುತ್ತಾ ನಿಂತ. ಆಮೇಲೆ ಮತ್ತೆ ತುಟಿಯಾಡಿಸಿದ, ನನಗೆ ತಪ್ಪದೆ ತಿಳಿಯಲಿ ಎಂದು ಒಂದೊಂದೇ ಪದ ಬಿಡಿಸಿ.

"ಅವತ್ತೇ ಹೇಳಿದ್ರೆ ಮಗ್ಗ ಬಿಟ್ಬಿಡ್ತಿದ್ದೆ ಕಣೋ."