ಕಣ್ಣಿಗೆ ಹಚ್ಚದ ಅರಿಶಿಣ

ಕೆಳಗಿನ ಮನೆಗೆ ಬಾಣಂತಿ ಬಂದಿದ್ದಾಳೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಮೊನ್ನೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕೆಂಡಕ್ಕೆ ಹಾಕಿದ ಓಮಿನ ಹೊಗೆ ಮೇಲೆ ಬಂತು. ಒಂಬತ್ತು ವರ್ಷವಾಗಿದೆ, ಆದರೂ ಆ ವಾಸನೆಗೆ ನನಗೆ ಉಸಿರು ಕಟ್ಟುತ್ತದೆ...

ಪುಣೆಯ ಕೋಥರೂಡಿನ ಇದೇ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ನನ್ನ ಬಾಣಂತನ. ಅದಕ್ಕೆಂದೇ ಧಾರವಾಡದಿಂದ ಬಂದಿದ್ದ ಅತ್ತೆ ಗಾಳಿ ತಾಗಬಾರದೆಂದು ಕಿಟಕಿಗೆ ಚಾದರ ಬಿಗಿದಿದ್ದರು. ಹಗಲಿಗೂ ಒಂದು ಮಂದ ಬಲ್ಬು. ಕಿವಿಯಲ್ಲಿ ಹತ್ತಿ, ತಲೆಗೆ ಸ್ಕಾರ್ಫು, ಕಣ್ಣು ಕೆಡುತ್ತವೆಂದು ಫೋನೂ ಇಲ್ಲ. ಗಂಡ ಚಾಕಣದ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ಬೈದು ಕೂಡಿಹಾಕಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತೆ ಬಿಸಿ ಅನ್ನಕ್ಕೆ ತುಪ್ಪ ಸುರಿದು, ತಲೆ ಸವರಿ ಕೂಡಿಹಾಕಿದ್ದರು. ಅಳು ಬಂದರೆ ಕೂಸಿಗೆ ಹಾಲು ಕಡಿಮೆಯಾಗುತ್ತದೆ ಎನ್ನುತ್ತಿದ್ದರು, ಹೀಗಾಗಿ ಅಳುವುದಕ್ಕೂ ಆಸ್ಪದವಿರಲಿಲ್ಲ.

ಆ ಕೋಣೆಗೆ ಹೊರಗಿನಿಂದ ಬರುತ್ತಿದ್ದವರು ಎಣ್ಣೆ ತಿಕ್ಕುವ ಮಾಲೀಶಿನ ಮೌಶಿ ಒಬ್ಬರೇ. ಮೌಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಸೊಲ್ಲಾಪುರದ ಕಡೆಯ ಕನ್ನಡದವರು, ಗಟ್ಟಿ ಕೈ, ಇನ್ನೂ ಗಟ್ಟಿ ಬಾಯಿ. ನನ್ನ ಸೊಂಟ ತಿಕ್ಕುತ್ತ ಬಸ್ಸಿನಲ್ಲಿ ಯಾರ ಜೊತೆ ಜಗಳವಾಯಿತು, ಯಾವ ಸೊಸೈಟಿಯ ವಾಚ್‌ಮನ್ ಲಿಫ್ಟಿಗೆ ಬಿಡಲಿಲ್ಲ ಎಂದೆಲ್ಲ ಹೇಳುತ್ತಿದ್ದರು. ನಾನು ದಿನವಿಡೀ ಅವರ ಚಪ್ಪಲಿ ಸದ್ದಿಗೆ ಕಾಯುತ್ತಿದ್ದೆ. ನನ್ನದು ಮುಗಿದ ಮೇಲೆ ಮೌಶಿ, ಅತ್ತೆ ಕಲಸಿಟ್ಟ ಕಡಲೆಹಿಟ್ಟು, ಕೆನೆ, ಅರಿಶಿಣ ಹಚ್ಚಿ ಮಗಳಿಗೆ ಎರೆಯುತ್ತಿದ್ದರು.

ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಮಗಳು ಹಾಲಿಗೆ ಏಳಲೇ ಇಲ್ಲ. ಅಂಗಾಲು ತಟ್ಟಿದರೂ ನಿದ್ದೆ. ಅತ್ತೆ ಎಷ್ಟು ಶಾಂತ ಕೂಸು ಎಂದು ದೃಷ್ಟಿ ತೆಗೆದರು. ಮೌಶಿ ಮಾತ್ರ ಅವತ್ತು ಬಸ್ಸಿನ ಕಥೆ ಹೇಳಲಿಲ್ಲ. ಕೂಸನ್ನು ಬಲ್ಬಿನ ಹತ್ತಿರ ಹಿಡಿದು ನೋಡಿದರು, ಮತ್ತೆ ನೋಡಿದರು. ಎದ್ದುಹೋಗಿ ಕಿಟಕಿಯ ಚಾದರ ಎಳೆದು ಬಿಸಾಕಿದರು. ಬಿಸಿಲಿಗೆ ನನ್ನ ಕಣ್ಣು ಕುಕ್ಕಿತು.

ಮೈ ಹಳದಿ ಇರುವುದು ಅರಿಶಿಣಕ್ಕೆ ಎಂದರು ಅತ್ತೆ. ಮೌಶಿ ಕೂಸಿನ ರೆಪ್ಪೆ ಮೆಲ್ಲಗೆ ಎತ್ತಿದರು.

"ಅಕ್ಕಾರ, ಅರಿಶಿಣ ಮೈಗೆ ಹಚ್ಚೇವ್ರಿ. ಕಣ್ಣಿಗೆ ಹಚ್ಚಿಲ್ಲಲ್ಲ?"

ಕಣ್ಣಿನ ಬಿಳಿಭಾಗವೂ ಹಳದಿಯಾಗಿತ್ತು. ಹನ್ನೆರಡು ದಿನ ಹೊಸ್ತಿಲು ದಾಟುವಂತಿಲ್ಲ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮೌಶಿ ದನಿ ಏರಿಸಲಿಲ್ಲ.

"ನನ್ನ ಮಗಳ ಕೂಸಿಗೂ ನಾನ ಅರಿಶಿಣ ಹಚ್ಚಿದ್ದೆ. ಹಳದಿ ಅದರದ ಅಂದ್ಕೊಂಡೆ, ಕೂಸು ಉಳೀಲಿಲ್ಲ. ಸರೀರಿ."

ಅತ್ತೆ ಸರಿದರು. ಮೌಶಿ ಎಣ್ಣೆ ಕೈಯಲ್ಲೇ ಕೂಸನ್ನು ಎತ್ತಿಕೊಂಡು ರಿಕ್ಷಾ ನಿಲ್ಲಿಸಿದರು. ಮಗಳು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮೂರು ದಿನ ಇದ್ದಳು. ಇನ್ನೊಂದು ದಿನ ತಡವಾಗಿದ್ದರೆ ಕಾಮಾಲೆ ಮಿದುಳಿಗೆ ಏರುತ್ತಿತ್ತು ಎಂದರು ಡಾಕ್ಟರು.

ಮನೆಗೆ ಮರಳಿದ ಮರುದಿನ ಮೌಶಿ ಬಂದರು. ಇನ್ನು ಮಾಲೀಶು ಬೇಡ ಎಂದು ಅತ್ತೆ ಬಾಗಿಲಲ್ಲೇ ಹೇಳಿದರು. ಪಾಪ, ಮೌಶಿಗೆ ಮುಖ ತೋರಿಸಲು ಅತ್ತೆಗೆ ನಾಚಿಕೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಒಳಗಿನಿಂದ ಎಲ್ಲ ಕೇಳಿಸಿಕೊಂಡೆ. ಕಿವಿಯಲ್ಲಿ ಹತ್ತಿ ಇದ್ದರೂ ಕೇಳಿಸಿತು. ಕೂಸು ಹಾಲು ಕುಡಿಯುತ್ತದೇನು ಎಂದಷ್ಟೇ ಮೌಶಿ ವಿಚಾರಿಸಿದರು. ಆಮೇಲೆ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು... ನನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಆಮೇಲೆ ಸೊಲ್ಲಾಪುರದ ಮೌಶಿ ಎಂದೇ ಕೇಳುತ್ತ ಹುಡುಕಿದೆ, ಆದರೆ ತಡವಾಗಿ. ಮಾಲೀಶಿನ ಇನ್ನೊಬ್ಬಾಕೆ ಸಿಕ್ಕಿ, ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದಳು.

ಮೊನ್ನೆ ಕೆಳಗಿನ ಮನೆಗೆ ಹೋದೆ. ಅದೇ ಹೊಗೆ, ಅದೇ ಕತ್ತಲು. ಅನುಮತಿ ಕೇಳಿ ಪರದೆ ಸರಿಸಿ, ಕೂಸಿನ ಕಣ್ಣು ನೋಡಿದೆ. ಹಾಲಿನಂತೆ ಬೆಳ್ಳಗಿದ್ದವು. ಇದನ್ನು ಯಾರು ಕಲಿಸಿದರು ಎಂದು ಆ ಬಾಣಂತಿ ಹುಡುಗಿ ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ. ಅವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.